ತಲೆ ಮೇಲಿನ ಗಂಟು

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಮಗ ಬೆಣ್ಣೆ ದೋಸೆ ನೆಪದಲ್ಲಿ ನನ್ನನ್ನು ದಾವಣಗೆರೆಗೆ ಕರ್ಕೊಂಡು ಹೋದ. ಎರಡನೇ ದೋಸೆ ಬರುವಷ್ಟರಲ್ಲಿ ವಿಷಯ ಹೊರಬಿತ್ತು. "ಅಣ್ಣ, ಚಾನೆಲ್ ಕೆಲ್ಸ ಬಿಡ್ತೀನಿ. ಫ್ರೀಲ್ಯಾನ್ಸ್ ಎಡಿಟಿಂಗ್ ಮಾಡ್ಕೊಂಡು ಇಲ್ಲೇ ಇರ್ತೀನಿ. ಅಪ್ಪಗೆ ನೀನೇ ಹೇಳ್ಬೇಕು."

ಚಿಕ್ಕಪ್ಪ ಹರಿಹರದವರು. ಆ ಊರಿನ ಅವರ ತಲೆಮಾರಿಗೆ ನೌಕರಿ ಅಂದ್ರೆ ಶಿಫ್ಟು, ಪಿಎಫ್ಫು, ಪರ್ಮನೆಂಟು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಊರಿಗೆ ಕಲಿಸಿದ ಭಾಷೆ ಅದು. ಆ ಕಾರ್ಖಾನೆಯೂ ಮುಚ್ಚಿತಲ್ಲ ಅಂದ್ರೆ, "ಇದ್ದದ್ದು ಮುಚ್ಚೋದು ಬೇರೆ, ಮೊದ್ಲಿಂದಾನೇ ಇಲ್ದಿರೋದು ಬೇರೆ" ಅಂತಾರೆ. ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಹಾಗಾಗಿ ಹಳಬರ ಕಡೆ ತಿರುಗಿದೆ.

ಹರಿಹರದಿಂದ ತುಂಗಭದ್ರೆಯ ಗುಂಟ ಕೆಳಗೆ ಹೋದರೆ ವರದಾ ಹೊಳೆ ಸೇರುವಲ್ಲಿ ಗಳಗನಾಥ ಅನ್ನೋ ಹಳ್ಳಿ ಇದೆ. ಅಲ್ಲಿನ ವೆಂಕಟೇಶ ತಿರಕೋ ಕುಲಕರ್ಣಿ, ಅಂದ್ರೆ ಕಾದಂಬರಿಕಾರ ಗಳಗನಾಥರು (1869–1942), ಮಾಸ್ತರಿಕೆ ಬಿಟ್ಟು ಬರವಣಿಗೆಗೆ ನಿಂತವರು. ಅಗಡಿಯ 'ಸದ್ಬೋಧ ಚಂದ್ರಿಕೆ'ಗೆ ದುಡಿದರು. ಬರೆದ ಪುಸ್ತಕಗಳನ್ನು ಗಂಟು ಕಟ್ಟಿ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆಯೋದು, ಮಾರೋದು, ವಸೂಲಿ ಎಲ್ಲಾ ಒಬ್ಬರದೇ. ಇವತ್ತು ನಾವು ಇದಕ್ಕೆ ಪರ್ಸನಲ್ ಬ್ರ್ಯಾಂಡಿಂಗ್ ಅಂತ ಚಂದದ ಹೆಸರಿಟ್ಟು ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕ್ತೀವಿ. ಅವರ ಕುತ್ತಿಗೆ ನೋವಿನ ಬಗ್ಗೆ ಯಾರೂ ಬರೆದಂಗಿಲ್ಲ.

ಇನ್ನೊಬ್ಬರು ನಮ್ಮ ತಾಲ್ಲೂಕಿನವರೇ. ತ.ರಾ.ಸು. ಹುಟ್ಟಿದ್ದು 1920ರಲ್ಲಿ, ಮಲೇಬೆನ್ನೂರಿನಲ್ಲಿ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು, ಆಮೇಲೆ ಪತ್ರಿಕೆಗಳ ಕೆಲಸ, ಕೊನೆಗೆ ಪೆನ್ನನ್ನೇ ನಂಬಿದ ಬದುಕು. ಸಂಬಳ ಇಲ್ಲದವನು ಬರೀತಾನೇ ಇರಬೇಕು. ಅವರ ಪುಸ್ತಕಗಳ ಸಾಲು ನೋಡಿದರೆ ಸ್ಫೂರ್ತಿಯ ಜೊತೆ ಅಕ್ಕಿ-ಬೇಳೆಯ ಲೆಕ್ಕವೂ ಕಾಣುತ್ತೆ ನನಗೆ. ಆದರೆ ಹಾಗೆ ಬರೆದದ್ದರಲ್ಲೇ 'ಹಂಸಗೀತೆ' ಇದೆ, 'ದುರ್ಗಾಸ್ತಮಾನ' ಇದೆ. ಯಾವ ಆಫೀಸು ಇದನ್ನ ಅಸೈನ್ ಮಾಡ್ತಿತ್ತು? 1972ರಲ್ಲಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದಾಗ ನಾಡೇ ಮುಗಿಬಿತ್ತು, ಮೂಲ ಬರೆದವರಿಗೆ ಮಾತ್ರ ಆ ಸಿನಿಮಾ ಹಿಡಿಸಲಿಲ್ಲ ಅನ್ನೋ ಕಥೆ ನಿಮಗೂ ಗೊತ್ತಿರುತ್ತೆ. ಕೈಬಿಟ್ಟ ಕೆಲಸದ ಮೇಲೆ ಹಿಡಿತ ಇರಲ್ಲ. 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಕೊಂಡು ವರ್ಷವಾಗಿತ್ತು.

ದೊಡ್ಡ ಹೆಸರುಗಳು ಸಾಕು. ನಮ್ಮ ದೊಡ್ಡಪ್ಪ ತೊಂಬತ್ತರ ದಶಕದಲ್ಲಿ ಒಂದು ಪತ್ರಿಕೆಗೆ ಬಿಡಿ ಸುದ್ದಿ ಕಳಿಸ್ತಿದ್ದರು. ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕವರು. ತಿಂಗಳ ಕೊನೆಗೆ ಅಚ್ಚಾದದ್ದನ್ನೆಲ್ಲ ಕತ್ತರಿಸಿ, ಹಾಳೆಗೆ ಅಂಟಿಸಿ, ನನ್ನ ಸ್ಕೂಲ್ ಸ್ಕೇಲು ಇಸ್ಕೊಂಡು ಅಳೆಯೋರು. ದುಡ್ಡು ಸೆಂಟಿಮೀಟರ್ ಲೆಕ್ಕ. ಅಚ್ಚಾಗದ ಸುದ್ದಿಗೆ ಬಸ್ ಚಾರ್ಜೂ ಇಲ್ಲ. ಆದ್ರೂ ತಹಶೀಲ್ದಾರರು ಎದ್ದು ನಿಂತು ಕುರ್ಚಿ ಕೊಡ್ತಿದ್ದರು, ಅದು ಅವರಿಗೆ ಸಂಬಳಕ್ಕಿಂತ ಹೆಚ್ಚಾಗಿತ್ತು. ಮನೆ ನಡೆದದ್ದು ಎರಡೆಕರೆ ಭತ್ತದಿಂದ, ದೊಡ್ಡಮ್ಮನ ಎರಡು ಎಮ್ಮೆಯಿಂದ.

ಕಾನೂನೂ ಅವರನ್ನ ಕಾಣಲಿಲ್ಲ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಗ್ರಾಚ್ಯುಟಿ ಕೊಟ್ಟಿತು, ನಾಲ್ಕು ವಾರಕ್ಕೆ 144 ಗಂಟೆ ಮೀರಿ ದುಡಿಸಬಾರದು ಅಂದಿತು. ಆದರೆ ಅದೆಲ್ಲ ನೌಕರರಿಗೆ. ಯಾರ ನೌಕರನೂ ಅಲ್ಲದವನು ಪತ್ರಕರ್ತ ಹೌದೋ ಅಲ್ವೋ ಅನ್ನೋದು ದೊಡ್ಡಪ್ಪನ ಸ್ಕೇಲಿಗೇ ಬಿಟ್ಟ ವಿಚಾರ. ತಮಾಷೆ ಅಂದ್ರೆ, ನೌಕರಿಯಲ್ಲಿದ್ದ ನನ್ನ ತಮ್ಮನಿಗೂ 144 ಗಂಟೆ ಎರಡೂವರೆ ವಾರಕ್ಕೇ ಮುಗೀತಿತ್ತಂತೆ.

ಇಷ್ಟೆಲ್ಲ ಓದ್ಕೊಂಡು ಚಿಕ್ಕಪ್ಪನ ಮುಂದೆ ಕೂತೆ. ಗಳಗನಾಥರಿಂದ ಶುರು ಮಾಡಿದೆ. ಅವರು ಪೂರ್ತಿ ಕೇಳಿದರು, ಎಲೆ-ಅಡಿಕೆ ಹಾಕ್ಕೊಂಡರು.

"ಅವ್ರ ಮನಿ ಯಾರು ನಡೆಸ್ತಿದ್ರು?"

ನಾನು ದೊಡ್ಡಮ್ಮನ ಎಮ್ಮೆ ನೆನೆದು ಸುಮ್ಮನಾದೆ.

"ಇವನಿಗೆ ಯಾರು?" ಅಂತ ಮತ್ತೆ ಕೇಳಿ, ನನ್ನನ್ನೇ ನೋಡಿದರು.

ತಮ್ಮ ಜನವರಿಯಲ್ಲಿ ಕೆಲಸ ಬಿಟ್ಟ. ಮೊದಲ ಆರು ತಿಂಗಳು ಅವನ ಲೋನಿನ ಕಂತು ನನ್ನ ಅಕೌಂಟಿಂದ ಹೋಗೋದು ಅಂತ ಒಪ್ಪಂದ. ಮೊನ್ನೆ ಫೋನ್ ಮಾಡಿದ್ದ. ಮೂರು ಇನ್‌ವಾಯ್ಸ್‌ನಲ್ಲಿ ಒಂದರ ದುಡ್ಡು ಬಂದೈತಂತೆ.