ಶಿಗಾಟ್ಸೆಯಿಂದ ಬೈಲಕುಪ್ಪೆಗೆ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೊಬ್ಬ ಟಿಬೆಟನ್ ಯುವಕನಿದ್ದಾನೆ. ಊರು ಯಾವುದೆಂದು ಕೇಳಿದರೆ, ‘ಅಜ್ಜಂದು ಶಿಗಾಟ್ಸೆ, ನಂದು ಬೈಲಕುಪ್ಪೆ’ ಎಂದ, ಕನ್ನಡದಲ್ಲೇ.

ಶಿಗಾಟ್ಸೆ ಟಿಬೆಟಿನ ಎರಡನೆಯ ದೊಡ್ಡ ನಗರ. ಸಮುದ್ರಮಟ್ಟದಿಂದ ಸುಮಾರು 3,800 ಮೀಟರ್ ಎತ್ತರದಲ್ಲಿ, ಯಾರ್ಲುಂಗ್ ತ್ಸಾಂಗ್ಪೊ ನದಿಗೆ ನ್ಯಾಂಗ್ ಚು ಸೇರುವಲ್ಲಿದೆ. ಆ ತ್ಸಾಂಗ್ಪೊವೇ ಕೆಳಗಿಳಿದು ಬ್ರಹ್ಮಪುತ್ರವಾಗುತ್ತದೆ. ಅಲ್ಲಿನ ಬೆಳೆ ಬಾರ್ಲಿ. ಅದನ್ನು ಹುರಿದು ಬೀಸಿದ ಹಿಟ್ಟು ತ್ಸಾಂಪಾ. ಮೊದಲ ದಲೈ ಲಾಮಾ ಎಂದು ಮುಂದೆ ಹೆಸರಾದ ಗೆಂದುನ್ ದ್ರುಪ್ 1447ರಲ್ಲಿ ಸ್ಥಾಪಿಸಿದ ತಾಶಿ ಲ್ಹುನ್ಪೊ ಮಠ ಪಂಚೆನ್ ಲಾಮಾಗಳ ಪೀಠ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ಜನ. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಕೊಟ್ಟ ಕಾಡನ್ನು ಕಡಿದು, ಬಾರ್ಲಿಯವರು ಮುಸುಕಿನ ಜೋಳ ಬಿತ್ತಿದರು. 1972ರಲ್ಲಿ ತಾಶಿ ಲ್ಹುನ್ಪೊ ಅಲ್ಲಿ ಮತ್ತೆ ಎದ್ದಿತು.

ನದಿ, ಚಳಿ, ಎತ್ತರವನ್ನು ಯಾರೂ ಹೊತ್ತು ತರಲಾರರು. ಮಠ, ಭಾಷೆ, ಊಟ ಬಂದವು. ಈಗ ಎಳೆಯರು ಬೈಲಕುಪ್ಪೆಯನ್ನೂ ಬಿಟ್ಟು ಬೆಂಗಳೂರಿಗೆ, ಹೊರದೇಶಕ್ಕೆ ಹೊರಟಿದ್ದಾರೆ. ಪಕ್ಕದ ಕೋಣೆಯಲ್ಲಿ ತಾಯಿ ಕಳಿಸಿದ ತ್ಸಾಂಪಾ ಡಬ್ಬಿಯಿದೆ. ಟಿಬೆಟನ್ ಲಿಪಿ ಓದಲು ಮಾತ್ರ ತಡವರಿಸುತ್ತೇನೆ ಎನ್ನುತ್ತಾನೆ ಅವನು. ನಗರವೊಂದು ಎರಡನೆಯ ಸಲ ವಲಸೆ ಹೋಗುವಾಗ ಏನು ಉಳಿದೀತು?

ನಾನೂ ಊರು ಬಿಟ್ಟು ಬಂದವನೇ. ನನಗೆ ಶನಿವಾರ ರಾತ್ರಿಯ ಬಸ್ಸಿದೆ. ಅವನ ಅಜ್ಜನಿಗೆ ಇರಲಿಲ್ಲ.