ಮನುಷ್ಯನ ಮೂಗು ಮಂದ ಎಂದವರು ಯಾರು?

ಮನುಷ್ಯನ ಘ್ರಾಣಶಕ್ತಿ ಪ್ರಾಣಿಗಳ ಮುಂದೆ ಏನೂ ಅಲ್ಲ ಎಂದು ನಾವು ಇಷ್ಟು ವರ್ಷ ತರಗತಿಯಲ್ಲಿ ಹೇಳುತ್ತ ಬಂದೆವು. “ಯಾರು ಪರೀಕ್ಷೆ ಮಾಡಿ ನೋಡಿದ್ದು ಸರ್?” ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದವನು ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ (1824-1880).

ಈತ ಸಾಮಾನ್ಯನಲ್ಲ. ‘ಟಾನ್’ ಎಂಬ ಒಂದೇ ಶಬ್ದ ಆಡುತ್ತಿದ್ದ ರೋಗಿಯೊಬ್ಬ 1861ರಲ್ಲಿ ತೀರಿಕೊಂಡಾಗ ಅವನ ಮೆದುಳನ್ನು ನೋಡಿ, ಮಾತಾಡಲು ಬೇಕಾದ ಜಾಗ ಮೆದುಳಿನ ಮುಂಭಾಗದಲ್ಲಿದೆ ಎಂದು ತೋರಿಸಿದವನು. ಮುಂದೆ ಆತ ಸಸ್ತನಿಗಳ ಮೆದುಳುಗಳನ್ನು ಹೋಲಿಸಿದ. ಮೂಗಿನ ಸುದ್ದಿ ಮೊದಲು ತಲಪುವ ಘ್ರಾಣಪಾಲಿ ನಾಯಿಯಂಥ ಪ್ರಾಣಿಯಲ್ಲಿ ದೊಡ್ಡದು. ಮನುಷ್ಯನಲ್ಲಿ ಇಡೀ ಮೆದುಳಿನ ಲೆಕ್ಕಕ್ಕೆ ಅದು ತೀರ ಚಿಕ್ಕದು, ಹಣೆಯ ಹಿಂದಿನ ಭಾಗವೋ ಬಹಳ ದೊಡ್ಡದು. ಪ್ರಾಣಿ ವಾಸನೆ ಎಳೆದತ್ತ ಹೋಗುತ್ತದೆ, ಮನುಷ್ಯ ಯೋಚಿಸಿ ನಡೆಯುತ್ತಾನೆ. ಆದ್ದರಿಂದ ಮನುಷ್ಯ ವಾಸನೆಯನ್ನು ನೆಚ್ಚಿದ ಪ್ರಾಣಿಯಲ್ಲ ಎಂದು ತೀರ್ಮಾನಿಸಿ, 1879ರ ಹೊತ್ತಿಗೆ ನಮ್ಮನ್ನು ಕೋತಿ, ತಿಮಿಂಗಿಲಗಳ ಪಂಕ್ತಿಯಲ್ಲಿ ಕೂರಿಸಿದ. ಇದಕ್ಕಾಗಿ ಯಾರ ಮೂಗಿಗೂ ಒಂದು ಹೂವನ್ನಾದರೂ ಹಿಡಿದು ನೋಡಿರಲಿಲ್ಲ! 1890ರಲ್ಲಿ ವಿಲಿಯಂ ಟರ್ನರ್ ‘ಅಲ್ಪಘ್ರಾಣಿ’ ಎಂಬರ್ಥದ ಹೆಸರಿಟ್ಟ. ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಅದು ನಮ್ಮ ಕರಿಹಲಗೆಯವರೆಗೂ ಬಂತು.

1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ವಾಸನೆ ಹಿಡಿಯುವ ಗ್ರಾಹಕಗಳ ವಂಶವಾಹಿಗಳನ್ನು ಕಂಡುಹಿಡಿದರು (2004ರಲ್ಲಿ ನೊಬೆಲ್). ಇಲಿಗೆ ಇಂಥವು ಸುಮಾರು 1,000, ನಮ್ಮಲ್ಲಿ ಕೆಲಸ ಮಾಡುವವು ಸುಮಾರು 400. ಬ್ರೋಕಾನೇ ಸರಿ ಎನ್ನಿಸಿರಬೇಕು.

ಆದರೆ ಅಮೆರಿಕದ ಬರ್ಕ್ಲಿಯಲ್ಲಿ ನೋಮ್ ಸೋಬೆಲ್ ತಂಡ ಹುಲ್ಲಿನ ಮೇಲೆ 10 ಮೀಟರು ಚಾಕೊಲೇಟ್ ವಾಸನೆಯ ಜಾಡು ಎಳೆಯಿತು. ಕಣ್ಣು, ಕಿವಿ ಮುಚ್ಚಿ, ಕೈಗೆ ಗವಸು ಹಾಕಿ ಅಂಬೆಗಾಲಿಟ್ಟ 32 ಜನರಲ್ಲಿ 21 ಮಂದಿ ಜಾಡು ಹಿಡಿದರು. ಅಭ್ಯಾಸ ಮಾಡಿಸಿದಾಗ ವೇಗವೂ ಹೆಚ್ಚಿತು. 2007ರಲ್ಲಿ ಪ್ರಕಟವಾದ ಈ ಪ್ರಯೋಗ ಓದಿ ನಾವು ನಕ್ಕೆವು, ಆಮೇಲೆ ಪೆಚ್ಚಾದೆವು. 2017ರಲ್ಲಿ ಜಾನ್ ಮ್ಯಾಕ್‌ಗ್ಯಾನ್ ಹಳೆಯ ಬರಹಗಳನ್ನೆಲ್ಲ ತೆರೆದು, ‘ಮಂದ ಮೂಗು’ ಹತ್ತೊಂಬತ್ತನೇ ಶತಮಾನದ ಕಟ್ಟುಕಥೆ ಎಂದೇ ಬರೆದರು. ನಮ್ಮ ಘ್ರಾಣಪಾಲಿ ಸುಂಡಿಲಿಯದಕ್ಕಿಂತ ದೊಡ್ಡದೇ. ಮೆದುಳಿನ ಉಳಿದ ಭಾಗ ಬೆಳೆದದ್ದರಿಂದ ಚಿಕ್ಕದಾಗಿ ಕಂಡಿತು, ಅಷ್ಟೆ. ಕೆಲವು ವಾಸನೆಗಳಲ್ಲಿ ನಾಯಿ ಮುಂದು, ಕೆಲವದರಲ್ಲಿ ನಾವೇ ಮುಂದು.

ವಾಸನೆ ನಮ್ಮನ್ನು ಎಳೆಯುವುದಿಲ್ಲ ಎಂಬುದೂ ನಿಲ್ಲುವ ಮಾತಲ್ಲ. ಘ್ರಾಣಪಾಲಿಯ ನರಗಳು ಭಯ, ಆಸೆಗಳಿಗೆ ಸಂಬಂಧಿಸಿದ ಭಾಗಕ್ಕೆ ನೇರವಾಗಿ ಹೋಗುತ್ತವೆ. ಹಸಿವನ್ನು ನೋಡಿಕೊಂಡು ಮೆದುಳು ವಾಸನೆಯ ರುಚಿಯನ್ನೂ ಬದಲಿಸುತ್ತದೆ. ಹನ್ನೆರಡೂವರೆಗೆ ಅಡುಗೆಕೋಣೆಯ ಸಾಂಬಾರಿಗೆ ಇಡೀ ತರಗತಿ ಕಿಟಕಿಯತ್ತ ತಿರುಗುತ್ತದೆ. ಉಂಡು ಬಂದ ಮೇಲೆ ಅದೇ ಸಾಂಬಾರನ್ನು ಕೇಳುವವರಿಲ್ಲ.

“ಪರೀಕ್ಷೆಯಲ್ಲಿ ಯಾವುದು ಬರೆಯಬೇಕು ಸರ್?” ಎಂದು ಆ ಹುಡುಗಿ ಮತ್ತೆ ಕೇಳಿದ್ದಾಳೆ. ಉತ್ತರಪತ್ರಿಕೆ ತಿದ್ದುವವರು ನಾವೇ ಆದ್ದರಿಂದ, ಹೊಸದನ್ನೇ ಬರೆ ಎಂದಿದ್ದೇವೆ.