ದೋಣಿಯೊಳಗಿನ ನೀರೆತ್ತುವ ಪಂಪ್: ಡಬ್ಬದ ಮೇಲಿನ ನಂಬರ್ ನಂಬಿ ಕೂರಬೇಡಿ

ವೈದ್ಯನಾಥಪುರ (ಮದ್ದೂರು): ವೈದ್ಯನಾಥೇಶ್ವರ ದೇವಸ್ಥಾನದ ಪಕ್ಕ ಹರಿಯುವ ಶಿಂಷಾ ನದಿಗೆ ನೀರು ಮೇಲಿಂದ ಬರುತ್ತೆ. ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯ ಕೋಡಿ ಬಿದ್ದರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರಬಹುದು. ಹೊಳೆಯಾಗಲಿ ಕೆರೆಯಾಗಲಿ, ನೀರಿಗಿಳಿದ ಸಣ್ಣ ದೋಣಿಗೆ ಹೊರಗಿನ ನೀರಷ್ಟೇ ಅಪಾಯ ಒಳಗೆ ಸೇರಿದ ನೀರಿನದು. ಅದು ಒಂದು ಕಡೆಗೆ ಸರಿದರೆ ಭಾರವೂ ಆ ಕಡೆಗೇ ವಾಲಿ ದೋಣಿ ಮಗುಚುತ್ತೆ.

ಮುತ್ತತ್ತಿ ಕಡೆಯ ಹರಿಗೋಲಿನಲ್ಲಾದರೆ ಮಗ್ಗಿನಲ್ಲಿ ಮೊಗೆದು ಚೆಲ್ಲಿದರೆ ಮುಗೀತು. ತಳ ಆಳ ಇರುವ, ಮೋಟರ್ ಕಟ್ಟಿದ ಫೈಬರ್ ದೋಣಿಗೆ ಅದು ಸಾಲಲ್ಲ. ಅದಕ್ಕೇ ಬಿಲ್ಜ್ ಪಂಪ್. ದೋಣಿಯ ತಳದಲ್ಲಿ ನೀರು ಬಂದು ನಿಲ್ಲುವ ತಗ್ಗಿಗೆ ಬಿಲ್ಜ್ ಅನ್ನುತ್ತಾರೆ. ಅಲ್ಲಿ ಮುಳುಗಿ ಕೂತು, 12 ವೋಲ್ಟ್ ಬ್ಯಾಟರಿಯಲ್ಲಿ ಓಡಿ, ನೀರನ್ನು ಪೈಪಿನಲ್ಲಿ ಹೊರಗೆ ತಳ್ಳುವ ಪುಟ್ಟ ಮೋಟರ್ ಇದು.

ಎಷ್ಟು ದೊಡ್ಡದು ಬೇಕು?

ಡಬ್ಬದ ಮೇಲೆ 500, 800, 1100 ಜಿಪಿಎಚ್ ಅಂತ ಇರುತ್ತೆ. ಗಂಟೆಗೆ ಎಷ್ಟು ಗ್ಯಾಲನ್ ಅನ್ನುವ ಲೆಕ್ಕ ಅದು. ಲೀಟರಿನಲ್ಲಿ ಹೇಳುವುದಾದರೆ ಸುಮಾರು 1,900, 3,000 ಮತ್ತು 4,150.

ಆದರೆ ಇದು ಪೈಪಿಲ್ಲದೆ, ನೀರನ್ನು ಮೇಲೆತ್ತದೆ ಅಳೆದ ನಂಬರ್. ಬೋರ್‌ವೆಲ್ ಇಟ್ಟುಕೊಂಡ ರೈತರಿಗೆ ಇದು ಗೊತ್ತಿರುವ ವಿಷಯವೇ: ಹೆಡ್ ಜಾಸ್ತಿ ಆದಷ್ಟೂ, ಬೆಂಡ್ ಜಾಸ್ತಿ ಆದಷ್ಟೂ ನೀರು ಕಮ್ಮಿ. ದೋಣಿಯಲ್ಲೂ ಅಷ್ಟೇ. ಡಬ್ಬದ ನಂಬರಿನ ಅರ್ಧ ಮಾತ್ರ ಕೈಗೆ ಸಿಗುತ್ತೆ ಅಂತ ಲೆಕ್ಕ ಹಾಕುವುದು ಕ್ಷೇಮ.

ಇದು ಯಾಕೆ ಮುಖ್ಯ ನೋಡಿ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದೇ ಒಂದು ಇಂಚಿನ ತೂತಾದರೆ ನಿಮಿಷಕ್ಕೆ ಸುಮಾರು 40 ಲೀಟರ್ ಒಳಗೆ ನುಗ್ಗುತ್ತೆ. ಗಂಟೆಗೆ 2,400 ಲೀಟರ್. 1100ರ ಪಂಪ್ ನಿಜವಾಗಿ ಎತ್ತುವುದು ಸುಮಾರು 2,000. ಅಂದರೆ ಪಂಪ್ ಓಡುತ್ತಿದ್ದರೂ ದೋಣಿ ತುಂಬುತ್ತಲೇ ಇರುತ್ತೆ.

ಕೂರಿಸುವ ಕ್ರಮ

1. ದೋಣಿ ನೀರಿನಲ್ಲಿದ್ದಾಗ ತಳದಲ್ಲಿ ಎಲ್ಲಿ ನೀರು ನಿಲ್ಲುತ್ತೆ ನೋಡಿ, ಅಲ್ಲೇ ಪಂಪ್ ಕೂರಿಸಿ. ಸ್ಕ್ರೂ ತಳವನ್ನು ತೂರಿ ಆಚೆ ಬರಬಾರದು.

2. ಒಳಮೈ ನುಣುಪಾದ ಪೈಪ್ ಹಾಕಿ. ಸುಕ್ಕುಸುಕ್ಕಾದ ಪೈಪಿನಲ್ಲಿ ನೀರು ತಡೆಯುತ್ತೆ. ಪೈಪ್ ಮೇಲಕ್ಕೇ ಹೋಗಬೇಕು, ನಡುವೆ ಜೋತು ಬೀಳಬಾರದು. ಜೋತು ಬಿದ್ದ ಕಡೆ ನೀರು ನಿಂತು, ಗಾಳಿ ಸಿಕ್ಕಿಕೊಂಡು ಪಂಪ್ ಸುಮ್ಮನೆ ತಿರುಗುತ್ತೆ.

3. ಪೈಪಿನ ಬಾಯಿ ಹೊರಗಿನ ನೀರಿಗಿಂತ ಸುಮಾರು ಒಂದಡಿ ಮೇಲಿರಲಿ, ಜನ ಹತ್ತಿದ ಮೇಲೂ. ಮಾರ್ಕೋನಹಳ್ಳಿಯ ಸೈಫನ್ ನೋಡಿದವರಿಗೆ ಕಾರಣ ಬೇಗ ಹೊಳೆಯುತ್ತೆ. ಅಲ್ಲಿ ನೀರು ಒಂದು ಮಟ್ಟ ಮುಟ್ಟಿದರೆ ಮೋಟರ್ ಇಲ್ಲದೆ ತಾನೇ ಎಳೆದುಕೊಂಡು ಹೊರಗೆ ಹೋಗುತ್ತೆ. ದೋಣಿಯಲ್ಲಿ ಪೈಪಿನ ಬಾಯಿ ಮುಳುಗಿದರೆ ಅದೇ ಕೆಲಸ ಉಲ್ಟಾ: ಪಂಪ್ ನಿಂತ ಮೇಲೆ ಹೊಳೆ ನೀರು ಅದೇ ಪೈಪಿನಲ್ಲಿ ಒಳಗೆ ಬರುತ್ತೆ. ಎನ್‌ಆರ್‌ವಿ ಹಾಕಿದರೆ ಸಾಕಲ್ಲ ಅನ್ನಬಹುದು. ಕಸ ಸಿಕ್ಕಿದರೆ ಅದು ಮುಚ್ಚಲ್ಲ, ಇಲ್ಲವೇ ತೆರೆಯಲ್ಲ.

4. ವೈರಿನ ಜಾಯಿಂಟ್ ತಳದ ನೀರಿಗೆ ತಾಗದಂತೆ ಮೇಲಿರಲಿ. ಬರೀ ಇನ್ಸುಲೇಷನ್ ಟೇಪ್ ಸಾಲದು, ನೀರು ಹೋಗದ ಹಾಗೆ ಸೀಲ್ ಮಾಡಿಸಿ.

5. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಕಂಪನಿ ಹೇಳಿದಷ್ಟೇ ಆಂಪ್ಸ್. ಕಸ ಸಿಕ್ಕಿ ಮೋಟರ್ ಜಾಮ್ ಆದಾಗ ವೈರ್ ಸುಡದಂತೆ ಕಾಯುವುದು ಇದೇ.

6. ನೀರು ಏರಿದಾಗ ತಾನೇ ಆನ್ ಆಗುವ ಫ್ಲೋಟ್ ಸ್ವಿಚ್ ಹಾಕಿ. ಅದರ ಲೈನ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಲಿ. ಮೇನ್ ಸ್ವಿಚ್ ಆಫ್ ಮಾಡಿ ಮನೆಗೆ ಹೋದರೂ ರಾತ್ರಿ ಮಳೆಗೆ ಪಂಪ್ ಓಡುತ್ತೆ. ಜೊತೆಗೆ ಕೈಯಲ್ಲಿ ಹಾಕುವ ಸ್ವಿಚ್ಚೂ ಇರಲಿ.

ಕಾಸು ಉಳಿಸಲು ಮನೆಯ ಕೂಲರಿನ 230 ವೋಲ್ಟ್ ಪಂಪನ್ನು ಇನ್ವರ್ಟರ್ ಇಟ್ಟು ಓಡಿಸುವ ಯೋಚನೆ ಬೇಡ. ಒದ್ದೆ ದೋಣಿಯಲ್ಲಿ ಅದು ಜೀವಕ್ಕೇ ಕುತ್ತು.

ಹಳೇದನ್ನು ದೊಡ್ಡದು ಮಾಡುವಾಗ

500 ತೆಗೆದು 1100 ಹಾಕಿ ಹಳೇ ಮುಕ್ಕಾಲು ಇಂಚಿನ ಪೈಪನ್ನೇ ಬಿಟ್ಟರೆ ದುಡ್ಡು ದಂಡ. 1100ಕ್ಕೆ ಸಾಮಾನ್ಯವಾಗಿ ಒಂದೂಕಾಲು ಇಂಚಿನ ಹತ್ತಿರದ ಪೈಪ್ ಬೇಕು. ವೈರ್, ಫ್ಯೂಸ್ ಕೂಡ ಬದಲಾಗಬೇಕು. ಅಂಗಡಿಯವರು ಪಂಪ್ ಕೊಡುವಾಗಲೇ ಪೈಪ್, ಕ್ಲಾಂಪ್, ಫ್ಯೂಸ್ ಒಟ್ಟಿಗೆ ಕೊಟ್ಟರೆ ಗಿರಾಕಿಗೂ ಒಳ್ಳೇದು. ಇನ್ನೂ ವಾಸಿಯಾದ ದಾರಿ ಅಂದರೆ ಹಳೇ ಪಂಪನ್ನು ತೆಗೆಯದೆ, ಸ್ವಲ್ಪ ಮೇಲೆ ಎರಡನೆಯದನ್ನು ಬೇರೆ ಪೈಪ್, ಬೇರೆ ಫ್ಯೂಸಿನಲ್ಲಿ ಕೂರಿಸುವುದು. ಒಂದು ಕೆಟ್ಟರೆ ಇನ್ನೊಂದಿರುತ್ತೆ.

ಬ್ಯಾಟರಿಯ ಲೆಕ್ಕವನ್ನೂ ಮರೆಯಬೇಡಿ. 1100ರ ಪಂಪ್ ಸುಮಾರು 3ರಿಂದ 4 ಆಂಪ್ಸ್ ಎಳೆಯುತ್ತೆ. 35 ಎಎಚ್ ಬ್ಯಾಟರಿ ಕಾಗದದ ಮೇಲೆ 9–10 ಗಂಟೆ. ಅದರಲ್ಲೂ ಅರ್ಧವನ್ನೇ ನಂಬಿ.

ಹೊರಡುವ ಮುಂಚೆ

ತಳಕ್ಕೆ ಒಂದು ಬಕೆಟ್ ನೀರು ಸುರಿಯಿರಿ. ಪಂಪ್ ತಾನೇ ಆನ್ ಆಗಿ, ನೀರು ಮುಗಿದ ಮೇಲೆ ತಾನೇ ನಿಲ್ಲಬೇಕು. ಜಾಲರಿಯಲ್ಲಿ ಎಲೆ, ಪ್ಲಾಸ್ಟಿಕ್ ಇದ್ದರೆ ತೆಗೆಯಿರಿ. ತಳದಲ್ಲಿ ಆಯಿಲ್, ಪೆಟ್ರೋಲ್ ಇದ್ದರೆ ಸ್ವಿಚ್ ಹಾಕುವ ಮುಂಚೆಯೇ ಬಟ್ಟೆಯಲ್ಲಿ ಒರೆಸಿ ತೆಗೆದು, ಗಾಳಿಯಾಡಲು ಬಿಡಿ. ಹೊಳೆಗೆ ಪಂಪ್ ಮಾಡಬೇಡಿ, ದನಕರು ಕುಡಿಯುವ ನೀರದು.

ಪಂಪ್ ಪದೇ ಪದೇ ಓಡುತ್ತಿದ್ದರೆ ಅದು ಚೆನ್ನಾಗಿದೆ ಅಂತಲ್ಲ, ದೋಣಿ ಎಲ್ಲೋ ಸೋರುತ್ತಿದೆ ಅಂತ. ದಡಕ್ಕೆಳೆದು ತೂತು ಹುಡುಕಿ. ಪಂಪ್ ಕೊಡುವುದು ದಡ ಸೇರುವಷ್ಟು ಸಮಯ ಮಾತ್ರ. ತೂತಿಗೆ ತುರುಕಲು ಬಟ್ಟೆ ಅಥವಾ ಮರದ ಬಿರಡೆ, ಮೊಗೆಯಲು ಬಕೆಟ್, ತಲೆಗೊಂದು ಲೈಫ್ ಜಾಕೆಟ್ ದೋಣಿಯಲ್ಲಿ ಇರಲೇಬೇಕು. ತುರ್ತು ಸಹಾಯಕ್ಕೆ 112ಕ್ಕೆ ಕರೆ ಮಾಡಿ.